ಹದಿನಾಲ್ಕನೇ ತಂಡ

ದೆಹಲಿಯಿಂದ ಬಂದ ಲಕೋಟೆಯನ್ನು ಜಯದೇವಪ್ಪ ಮಂಡಿಯಲ್ಲೇ ಒಡೆದ. ಚಳ್ಳಕೆರೆಯ ಮಾರುಕಟ್ಟೆ ಅಂಗಳದಲ್ಲಿ ಅವನದು ಶೇಂಗಾ ಮಂಡಿ. ಮೇ ತಿಂಗಳು, ವ್ಯಾಪಾರ ತೆಳುವಾಗಿದ್ದ ಮಧ್ಯಾಹ್ನ. ಕಾಗದವನ್ನು ಓದಿ, ತಿರುಗಿಸಿ ನೋಡಿ, ಲಕೋಟೆಯೊಳಗೆ ಇನ್ನೊಂದು ಹಾಳೆ ಉಳಿದಿರಬಹುದೆಂದು ಬೆರಳು ಹಾಕಿ ತಡವಿದ. ಇರಲಿಲ್ಲ.

ಕೈಲಾಸ ಮಾನಸ ಸರೋವರದ ಯಾತ್ರೆಗೆ ಅವನು ಅರ್ಜಿ ಹಾಕುತ್ತಿದ್ದುದು ಇದು ಐದನೇ ವರ್ಷ. ಸರ್ಕಾರ ಚೀಟಿ ಎತ್ತಿ ಹೆಸರು ಆರಿಸುತ್ತಿತ್ತು. ನಾಲ್ಕು ವರ್ಷ ಅವನ ಹೆಸರು ಬಂದಿರಲಿಲ್ಲ. ಈ ಸಲ, ಅಂದರೆ ತೊಂಬತ್ತೆಂಟರಲ್ಲಿ, ಹೆಂಡತಿ ದಾಕ್ಷಾಯಿಣಿಯ ಹೆಸರನ್ನೂ ಸೇರಿಸಿ ಬರೆದಿದ್ದ. ಬಂದದ್ದು ಅವಳದೊಂದೇ.

ಮನೆಗೆ ಹೋದಾಗ ಅವಳು ಮುದ್ದೆ ತಿರುವುತ್ತಿದ್ದಳು.

"ನಿನ್ನ ಹೆಸರು ಬಂದೈತೆ," ಅಂದ.

"ಯಾತಕ್ಕೆ?"

"ಕೈಲಾಸಕ್ಕೆ."

ಒಳಕೋಣೆಯಲ್ಲಿ ಮಲಗಿದ್ದ ಅವನ ತಾಯಿ ವೀರಮ್ಮನಿಗೆ ಆ ಒಂದು ಮಾತಷ್ಟೇ ಕೇಳಿಸಿತು. "ಯಾರು ಹೋದ್ರಪ್ಪಾ?" ಎಂದು ಕೂಗಿದಳು.

"ಯಾರೂ ಹೋಗಿಲ್ಲವ್ವ. ನಿನ್ನ ಸೊಸೆ ಹೋಗ್ತಾಳೆ."

ದಾಕ್ಷಾಯಿಣಿ ಮುದ್ದೆಯ ಪಾತ್ರೆಯನ್ನು ಕೆಳಗಿಳಿಸಿ ಅದರ ಪಕ್ಕದಲ್ಲೇ ಕೂತಳು. ಅವಳಿಗೆ ನಲವತ್ತೊಂಬತ್ತು. ಇಪ್ಪತ್ತೊಂಬತ್ತು ವರ್ಷದಿಂದ ನಾಲ್ಕೂವರೆಗೆ ಏಳುತ್ತಿದ್ದವಳು. ಮೂರು ವರ್ಷದಿಂದ ಅತ್ತೆ ಹಾಸಿಗೆ ಹಿಡಿದ ಮೇಲೆ ನಾಲ್ಕಕ್ಕೇ. ಅತ್ತೆಯ ಮೈ ಒರೆಸಿ, ಪೂಜೆಗೆ ಅಣಿ ಮಾಡಿ, ಮಗ ಸಂಗಮೇಶನಿಗೂ ಗಂಡನಿಗೂ ತಿಂಡಿ ಮಾಡಿ, ಮಂಡಿಗೆ ಮಾಲು ತಂದ ರೈತರು ಬಂದರೆ ಅವರಿಗೂ ಎಲೆ ಹಾಕಿ, ಅಷ್ಟರಲ್ಲಿ ಮತ್ತೆ ಸಂಜೆ. ಅರ್ಜಿಗೆ ಸಹಿ ಹಾಕಿದ್ದು ಅವಳಿಗೆ ನೆನಪಿತ್ತು. ಹಿಟ್ಟಿನ ಕೈ ಒರೆಸಿಕೊಂಡು, ಗಂಡ ತೋರಿಸಿದ ಕಡೆ ಹಾಕಿದ್ದಳು, ಅಷ್ಟೆ.

"ನನ್ನ ಕೈಲಿ ಆಗದಲ್ರಿ," ಅಂದಳು. "ನೀವೇ ಹೋಗಿ ಬರ್ರಿ."

"ಒಬ್ಬರ ಬದಲು ಒಬ್ಬರು ಹೋಗಂಗಿಲ್ಲ. ಬರ್ದೈತೆ ಇದ್ರಾಗೆ." ಅವನು ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡ. "ಯಾರಿಗೂ ಸಿಗದ ಪುಣ್ಯ ಸಿಕ್ಕೈತೆ. ಬ್ಯಾಡ ಅನ್ನಬಾರ್ದು."

ಹದಿನಾಲ್ಕನೇ ತಂಡ. ಆಗಸ್ಟ್ ಕೊನೆಯಲ್ಲಿ ದೆಹಲಿಯಲ್ಲಿ ಹಾಜರಾಗಬೇಕು. ಅಲ್ಲಿ ಡಾಕ್ಟರುಗಳು ಪರೀಕ್ಷೆ ಮಾಡುತ್ತಾರೆ. ಪಾಸಾದವರು ಹಿಮಾಲಯದಲ್ಲಿ ವಾರಗಟ್ಟಲೆ ನಡೆದು, ಹದಿನೇಳು ಸಾವಿರ ಅಡಿ ಎತ್ತರದ ಕಣಿವೆ ದಾಟಿ ಆಚೆ ದೇಶಕ್ಕೆ ಇಳಿಯಬೇಕು. ಹೋಗಿ ಬರಲು ಒಂದು ತಿಂಗಳ ಮೇಲೆ.

ಮೊದಲು ದಾವಣಗೆರೆಯ ಡಾಕ್ಟರ ಹತ್ತಿರ ಹೋದರು. ಮುಂದಿನ ವರ್ಷಕ್ಕಾದರೂ ಇರಲಿ ಎಂದು ಜಯದೇವಪ್ಪನೂ ತೋರಿಸಿಕೊಂಡ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಮೇಲಿದ್ದವು. "ನೀವು ಚಿತ್ರದುರ್ಗದ ಕೋಟೆ ಹತ್ತೋದಾದ್ರೂ ನನ್ನ ಕೇಳಿ ಹತ್ರಿ," ಅಂದರು ಡಾಕ್ಟರು. ದಾಕ್ಷಾಯಿಣಿಯನ್ನು ಓಡುವ ಪಟ್ಟಿಯ ಮೇಲೆ ನಡೆಸಿದರು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬರಿಗಾಲಲ್ಲಿ ನಡೆದಳು. ಡಾಕ್ಟರು ಚೀಟಿಯ ಮೇಲಿನ ಗೆರೆಗಳನ್ನು ಎರಡು ಸಲ ನೋಡಿದರು.

"ಮೂವತ್ತು ವರ್ಷದೋರ ಎದೆ ಇದು. ಏನಮ್ಮ ಮಾಡ್ತೀರಿ ದಿನಾ?"

"ನಿಂತಿರ್ತೀನಿ," ಅಂದಳು.

ಜಯದೇವಪ್ಪ ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಚಿತ್ರದುರ್ಗ ದಾಟಿದ ಮೇಲೆ ಇದ್ದಕ್ಕಿದ್ದಂತೆ ಹೇಳಿದ: "ನಾಳೆಯಿಂದ ನಡೆಯೋಕೆ ಶುರು ಮಾಡಾಣ."

ಮಾಡಾಣ ಅಂದನೇ ಹೊರತು ನಡೆದವಳು ಅವಳು. ಅವನು ಲೂನಾ ಹತ್ತಿ ಪಕ್ಕದಲ್ಲಿ ನಿಧಾನಕ್ಕೆ ಬರುತ್ತಿದ್ದ, ಕೈಗಡಿಯಾರ ನೋಡುತ್ತ. ಸೀರೆಯಲ್ಲಿ ಬೆಟ್ಟ ಹತ್ತಲಾಗದು ಎಂದು ದೆಹಲಿಯಿಂದ ಬಂದ ಯಾತ್ರೆಯ ಪುಸ್ತಕದಲ್ಲಿ ಬರೆದಿತ್ತು. ಪಕ್ಕದ ಮನೆಯ ಜಬೀನ್ ಎರಡು ಜೊತೆ ಚೂಡಿದಾರ ಹೊಲಿದುಕೊಟ್ಟಳು. ಅವಳ ಗಂಡ ಅಫ್ಸರ್ ಬಳ್ಳಾರಿ ರಸ್ತೆಯಲ್ಲಿ ಲಾರಿ ರಿಪೇರಿ ಗ್ಯಾರೇಜು ಇಟ್ಟಿದ್ದ. ಜಬೀನಳಿಗೂ ಸಕ್ಕರೆ ಕಾಯಿಲೆ. ದಿನಾ ನಡೀಬೇಕು ಎಂದು ಡಾಕ್ಟರು ಹೇಳಿ ವರ್ಷವಾಗಿತ್ತು, ಜೊತೆಯಿಲ್ಲದೆ ಅವಳು ಹೊರಟಿರಲಿಲ್ಲ. ಈಗ ಬುರ್ಖಾದ ಕೆಳಗೆ ಮಗಳ ಹಳೇ ಬೂಟು ಹಾಕಿಕೊಂಡು ಬಂದಳು.

ಮೊದಲ ದಿನ ಚೂಡಿದಾರ ತೊಟ್ಟು ಹೊರಬಂದ ಸೊಸೆಯನ್ನು ವೀರಮ್ಮ ಮಲಗಿದಲ್ಲಿಂದಲೇ ನೋಡಿ, "ಇದೇನೇ, ಗಂಡಸಿನಂಗೆ!" ಅಂದಳು. ದಾಕ್ಷಾಯಿಣಿ ಬೂಟಿನ ದಾರ ಬಿಗಿದುಕೊಂಡು ಹೊರಟಳು. ನಾಲ್ಕಕ್ಕೆ ಏಳುತ್ತಿದ್ದವಳು ಈಗ ಮೂರಕ್ಕೆ ಎದ್ದು ಕೆಲಸ ಮುಗಿಸಿ ಬಂದಿದ್ದಳು.

ಎರಡನೇ ವಾರ ಜಯದೇವಪ್ಪ ಬೆನ್ನಿಗೆ ಹಾಕುವ ಚೀಲ ತಂದ. ಮಂಡಿಯ ತಕ್ಕಡಿಯಲ್ಲಿ ಆರು ಕೆಜಿ ಶೇಂಗಾ ತೂಗಿ ಅದರಲ್ಲಿ ತುಂಬಿದ. ಜೂನ್ ಕೊನೆಗೆ ಅದು ಒಂಬತ್ತಾಯಿತು. ಉಳ್ಳಾರ್ತಿ ಕಾವಲಿನ ಹುಲ್ಲು ಬಯಲಿನ ಕಡೆಗೆ ಇಬ್ಬರು ಹೆಂಗಸರು ನಡೆಯುತ್ತಿದ್ದರೆ, ಹಾಲಿನ ಕ್ಯಾನು ಹೊತ್ತ ಸೈಕಲ್ಲಿನವರು ತಿರುಗಿ ನೋಡುತ್ತ ಹೋಗುತ್ತಿದ್ದರು. ಹಿಂದೆ ಲೂನಾದ ಸದ್ದು. "ಇನ್ನ ಸ್ವಲ್ಪ ಬಿರ್ರನೆ! ಅಲ್ಲಿ ಗಾಳೀನೇ ಇರಲ್ವಂತೆ!" ಎಂದು ಅವನು ಕೂಗುತ್ತಿದ್ದ.

ಅವನು ಪೆಟ್ರೋಲ್ ಹಾಕಿಸಲು ಹಿಂದೆ ಉಳಿದ ಒಂದು ಬೆಳಿಗ್ಗೆ ಜಬೀನ್ ಕೇಳಿದಳು: "ಅಕ್ಕ, ನಿಮಗೆ ಹೋಗೋ ಮನಸ್ಸೈತಾ?"

"ಮನಸ್ಸು ಅಂದ್ರೆ?"

"ಅಂದ್ರೆ ದಿಲ್‌ನಲ್ಲಿ. ನಮ್ಮ ಅಮ್ಮೀ ಬೀಬಿ ಜಾನ್ ಹಜ್‌ಗೆ ಹೋಗೋ ಮುಂಚೆ ಆರು ತಿಂಗ್ಳು ಒಂದೇ ಸಮನೆ ಅಳ್ತಿದ್ಲು, ಖುಷೀಗೆ. ಬೀದಿಯೋರ ಮನೆ ಮನೆಗೆ ಹೋಗಿ ಮಾಫಿ ಕೇಳಿದ್ಲು. ನಿಮ್ಮಲ್ಲೂ ಹಂಗೆ ಕೇಳ್ಬೇಕಾ?"

ದಾಕ್ಷಾಯಿಣಿ ಚೀಲದ ಪಟ್ಟಿಯನ್ನು ಭುಜದ ಮೇಲೆ ಸರಿಸಿಕೊಂಡಳು. ಅದು ಉಜ್ಜಿ ಉಜ್ಜಿ ಚರ್ಮ ಕೆಂಪಾಗಿತ್ತು.

"ಎಲ್ಲಾರತ್ರ ನಾನೇ ಕೇಳ್ಬೇಕೇನು? ನನ್ನತ್ರ ಯಾರೂ ಕೇಳಂಗಿಲ್ಲೇನು?"

ಜಬೀನ್ ನಕ್ಕಳು. ಆಮೇಲೆ ದಾಕ್ಷಾಯಿಣಿ ನಗುತ್ತಿಲ್ಲ ಎಂದು ಕಂಡು ಚೀಲದ ಪಟ್ಟಿಯ ಕೆಳಗೆ ತನ್ನ ಕರ್ಚೀಫು ಮಡಿಸಿ ಇಟ್ಟಳು.

ಯಾತ್ರೆಯ ಪುಸ್ತಕ ಇಂಗ್ಲಿಷಿನಲ್ಲಿತ್ತು. ಒಂದು ಭಾನುವಾರ ಸಂಗಮೇಶ್ ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಅದನ್ನು ಕನ್ನಡದಲ್ಲಿ ಹೇಳುತ್ತ ಹೋದ. ಉಣ್ಣೆ ಬಟ್ಟೆ ಎಷ್ಟು, ಬ್ಯಾಟರಿ ಎಷ್ಟು, ಎತ್ತರದಲ್ಲಿ ತಲೆ ಸಿಡಿದರೆ ಏನು ಮಾಡಬೇಕು. ಅವಳು ಶೇಂಗಾಕಾಯಿ ಸುಲಿಯುತ್ತ ಅರ್ಧ ಕೇಳಿಸಿಕೊಳ್ಳುತ್ತಿದ್ದಳು.

"ನಮ್ಮ ದೇಶದ ಕಡೆ ಎಲ್ಲಾ ಶಿಬಿರದಾಗೂ ಊಟ ತಿಂಡಿ ಸರ್ಕಾರಿ ನಿಗಮದೋರೇ ಮಾಡಿ ಹಾಕ್ತಾರೆ," ಎಂದು ಓದಿದ. "ಬೆಳಿಗ್ಗೆ ಎದ್ದ ಕೂಡ್ಲೆ ಹಾಸಿಗೆ ಹತ್ರಕ್ಕೇ ಟೀ ತಂದು ಕೊಡ್ತಾರೆ."

ಅವಳ ಕೈ ನಿಂತಿತು. "ಯಾರು ಕೊಡ್ತಾರೆ?"

"ಅಲ್ಲಿ ಕೆಲಸದೋರು."

"ಹಾಸಿಗೆ ಹತ್ರಕ್ಕಾ? ಇನ್ನೊಂದ್ಸಲ ಓದು."

ಅವನು ಓದಿದ. ಅವಳು ಮತ್ತೆ ಕಾಯಿ ಸುಲಿಯತೊಡಗಿದಳು. ಆವತ್ತಿನಿಂದ ಅವಳು ಯಾತ್ರೆಯ ಬಗ್ಗೆ ಬೇಡ ಎಂಬ ಮಾತನ್ನು ಆಡಲಿಲ್ಲ. ಯಾಕೆಂದು ಯಾರಿಗೂ ಹೇಳಲೂ ಇಲ್ಲ. ದೇವರನ್ನು ನೋಡಲು ಹೋಗುವವಳು ಟೀಗೆ ಹೋಗುತ್ತೇನೆ ಅನ್ನುವುದು ಹೇಗೆ?

ಜುಲೈನಲ್ಲಿ ಜಯದೇವಪ್ಪ ಅವಳನ್ನು ಮೊಳಕಾಲ್ಮುರು ತಾಲ್ಲೂಕಿನ ಜಟಿಂಗರಾಮೇಶ್ವರ ಬೆಟ್ಟಕ್ಕೆ ಕರೆದುಕೊಂಡು ಹೋದ. ಸುತ್ತಲ ಸೀಮೆಯಲ್ಲಿ ಅಷ್ಟು ಎತ್ತರದ ಬೆಟ್ಟ ಹತ್ತಿರದಲ್ಲಿ ಬೇರೆ ಇರಲಿಲ್ಲ. ಒಂದೇ ದಿನ ಮೂರು ಸಲ ಹತ್ತಿ ಇಳಿಯಬೇಕೆಂದು ಅವನ ಲೆಕ್ಕ. ಮೊದಲ ಸಲ ಡಾಕ್ಟರ ಮಾತು ಮರೆತು ತಾನೂ ಜೊತೆಗೆ ಹೊರಟ. ಕಾಲುಭಾಗ ಹತ್ತುವಷ್ಟರಲ್ಲಿ ಮುಖ ಬೂದಿಯಾಗಿ ಬಂಡೆಗೆ ಒರಗಿ ನಿಂತ. ಅಂಗಿ ಬೆನ್ನಿಗೆ ಅಂಟಿತ್ತು.

"ನೀವು ಇಳೀರಿ," ಅಂದಳು. "ಕೆಳಗೆ ಮರದಡಿ ಕೂತ್ಕಳ್ರಿ."

"ನೀನು ನಿಲ್ಲಬ್ಯಾಡ. ಟೈಮ್ ಹೋಗ್ತೈತೆ."

ಅವಳು ಹತ್ತಿದಳು. ಬೆನ್ನ ಮೇಲಿನ ಶೇಂಗಾ ಒಂದೊಂದು ಮೆಟ್ಟಿಲಿಗೂ ಗಲಗಲ ಅನ್ನುತ್ತಿತ್ತು. ಮೊಣಕಾಲ ಚಿಪ್ಪು ಉರಿಯುತ್ತಿತ್ತು. ಕೆಳಗಿನಿಂದ ಅವನು ಏನೋ ಕೂಗುತ್ತಿದ್ದ. ಸ್ವಲ್ಪ ದೂರ ಮಾತು ಕೇಳಿಸಿತು, ಆಮೇಲೆ ಬರೀ ದನಿ. ಒಂದು ತಿರುವು ದಾಟಿದ ಮೇಲೆ ಅದೂ ಇರಲಿಲ್ಲ. ಅವಳು ನಿಂತಳು. ಮತ್ತೆ ಕೇಳಿಸುತ್ತದೆಯೋ ಎಂದು ಕಾದಳು. ಗಾಳಿ ಮಾತ್ರ. ಮದುವೆಯಾದ ಮೇಲೆ ಯಾರ ಕೂಗೂ ಮುಟ್ಟದ ಜಾಗದಲ್ಲಿ ತಾನು ನಿಂತದ್ದು ಇದೇ ಮೊದಲು ಎಂದು ಅವಳಿಗೆ ಹೊಳೆಯಿತು.

ಮೇಲೆ ಗುಡಿಯ ಪೂಜಾರಿ ಮರುಳಪ್ಪ ಬಿಂದಿಗೆ ತೊಳೆಯುತ್ತಿದ್ದ. ಅರವತ್ತು ದಾಟಿದ ಮುದುಕ. ಚೂಡಿದಾರ, ಬೂಟು, ಬೆನ್ನ ಚೀಲ ಎಲ್ಲ ನೋಡಿದ. ಏನೂ ಕೇಳದೆ ಒಂದು ಚೊಂಬು ನೀರು ಕೊಟ್ಟ. ಅವಳು ಕುಡಿದು ಗೋಡೆಗೆ ಒರಗಿದಳು. ಹಾಗೇ ನಿದ್ದೆ ಬಂತು. ಎಚ್ಚರವಾದಾಗ ಒಂದು ಗಂಟೆ ಕಳೆದಿತ್ತು. ಮುದುಕ ಅಲ್ಲೇ ಹೂ ಕಟ್ಟುತ್ತ ಕೂತಿದ್ದ.

"ನನ್ನ ಯಾಕೆ ಎಬ್ಬಿಸ್ಲಿಲ್ರಿ?" ಅಂದಳು.

"ಎಬ್ಬಿಸೋಕೆ ನನಗೇನು ಕೆಲಸ ಇತ್ತು ತಾಯಿ," ಅಂದ ಮರುಳಪ್ಪ. "ವ್ರತ ಅಂತ ಬಂದೋರು ವಾರಗಟ್ಲೆ ಇರ್ತಾರೆ. ಕೆಳಗೆ ನಮ್ಮ ಮನೆ ಪಕ್ಕ ಒಂದು ಕೋಣೆ ಐತೆ. ಬಂದೋರು ಮಲಗಿದ್ರೂ ಸೈ, ಕೂತಿದ್ರೂ ಸೈ."

ಇಳಿದು ಬಂದಾಗ ಜಯದೇವಪ್ಪ ಗಡಿಯಾರ ನೋಡಿ ಸಿಡುಕಿದ. ಇಷ್ಟು ತಡವಾದರೆ ದೆಹಲಿಯ ಪರೀಕ್ಷೆಯಲ್ಲಿ ಏನು ಗತಿ ಎಂದ. ಅವಳು ಚೀಲ ಎತ್ತಿಕೊಂಡು ಎರಡನೇ ಸಲ ಹೊರಟಳು. ಮೂರನೆಯದಕ್ಕೂ ತಾನೇ ಎದ್ದಳು. ಅವನಿಗೆ ಆಶ್ಚರ್ಯವಾಯಿತು. ಹೆಂಡತಿಗೆ ಭಕ್ತಿ ಬಂದಿದೆ ಎಂದುಕೊಂಡ.

ಆಗಸ್ಟ್ ಬಂತು. ಮಹಡಿಯ ಕೋಣೆಯಲ್ಲಿ ಸಾಮಾನು ಹರಡಿಕೊಂಡವು. ಉಣ್ಣೆ ಟೋಪಿ, ಕೈಗವಸು, ಎರಡು ಸ್ವೆಟರು, ಮಳೆ ಅಂಗಿ, ಗೋಡಂಬಿ, ಒಣದ್ರಾಕ್ಷಿ, ಕರ್ಪೂರ, ಮಾತ್ರೆಗಳ ಪೊಟ್ಟಣ. ಚಳ್ಳಕೆರೆಯ ಸೆಕೆಯಲ್ಲಿ ಸ್ವೆಟರು ಹಾಕಿಸಿ ನೋಡಿದ ಜಯದೇವಪ್ಪ. ಒಂದು ಕಾಗದ ಬಂತು, ಅದಕ್ಕೂ ಸಹಿ ಹಾಕಬೇಕಿತ್ತು. ದಾರಿಯಲ್ಲಿ ಜೀವಕ್ಕೆ ಏನಾದರೂ ಆದರೆ ಸರ್ಕಾರ ಹೊಣೆಯಲ್ಲ, ಆಚೆ ದೇಶದಲ್ಲಿ ಸತ್ತರೆ ಅಲ್ಲೇ ಸಂಸ್ಕಾರ ಮಾಡಲು ಒಪ್ಪಿಗೆ ಇದೆ, ಎಂದು.

"ಎಲ್ಲಾರೂ ಹಾಕ್ತಾರೆ. ಇಲ್ಲಿ ಹಾಕು," ಎಂದು ಬೆರಳಿಟ್ಟು ತೋರಿಸಿದ.

ಈ ಸಲ ಅವಳು ಪೂರ್ತಿ ಓದಿಸಿಕೊಂಡು ಹಾಕಿದಳು.

ಅವಳಿಲ್ಲದ ಒಂದು ತಿಂಗಳಿಗೆ ಬಿ.ಜಿ. ಕೆರೆಯ ಬಸಲಿಂಗಮ್ಮನನ್ನು ಗೊತ್ತು ಮಾಡಿದರು. ದೂರದ ನೆಂಟಳು, ಮಕ್ಕಳಿಲ್ಲದ ವಿಧವೆ, ಅಡಿಗೆ ಚೆನ್ನಾಗಿ ಮಾಡುತ್ತಿದ್ದಳು, ವೀರಮ್ಮನನ್ನೂ ನೋಡಿಕೊಳ್ಳಲು ಒಪ್ಪಿದಳು. ಗುಂತಕಲ್ಲಿನಿಂದ ದೆಹಲಿ ರೈಲು ಗುರುವಾರಕ್ಕೆ. ಜಯದೇವಪ್ಪ ದೆಹಲಿಯವರೆಗೂ ಬಿಟ್ಟು ಬರುವವನು.

ಬುಧವಾರ ಸಂಜೆ ಅವಳು ದಾರಿಗೆಂದು ರೊಟ್ಟಿ ಬಡಿಯುತ್ತಿದ್ದಾಗ ಪಡಸಾಲೆಯ ಟಿ.ವಿ.ಯಲ್ಲಿ ವಾರ್ತೆ ಬಂತು. ಸಂಗಮೇಶ್ "ಅಪ್ಪಾ!" ಎಂದು ಕೂಗಿದ್ದು ಕೇಳಿ ಅವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಕೈಲಾಸದ ದಾರಿಯಲ್ಲಿ ಮಾಲ್ಪಾ ಎಂಬಲ್ಲಿ ರಾತ್ರಿ ಬೆಟ್ಟ ಕುಸಿದಿತ್ತು. ಶಿಬಿರದಲ್ಲಿ ಮಲಗಿದ್ದ ಹನ್ನೆರಡನೇ ತಂಡದ ಯಾತ್ರಿಗಳು ಮಣ್ಣು ಕಲ್ಲಿನ ಕೆಳಗೆ ಹೋಗಿದ್ದರು. ಅವರಿಗೆ ಅಡಿಗೆ ಮಾಡಿ ಬಡಿಸುತ್ತಿದ್ದವರು, ಹೊರೆ ಹೊರುವವರು, ಕುದುರೆಯವರು, ಎಲ್ಲ ಸೇರಿ ಇನ್ನೂ ಎಷ್ಟೋ ಜನ. ತೆರೆಯ ಮೇಲೆ ಒಂದು ನದಿ, ಒಂದು ಕಲ್ಲಿನ ರಾಶಿ. ಬೇರೇನೂ ಕಾಣುತ್ತಿರಲಿಲ್ಲ.

ಜಯದೇವಪ್ಪ ಕುರ್ಚಿಯಿಂದ ಏಳಲಿಲ್ಲ. ಅವನ ತುಟಿ ಅಲುಗುತ್ತಿತ್ತು. ಹನ್ನೆರಡು, ಹದಿಮೂರು, ಹದಿನಾಲ್ಕು.

ದಾಕ್ಷಾಯಿಣಿ ಒಳಗೆ ಹೋಗಿ ಹೆಂಚಿನ ಮೇಲೆ ಸೀಯುತ್ತಿದ್ದ ರೊಟ್ಟಿಯನ್ನು ತೆಗೆದಳು. ಹಾಸಿಗೆಯ ಹತ್ತಿರ ಟೀ ತಂದುಕೊಡುವವರ ಮುಖ ಹೇಗಿರುತ್ತದೆ ಎಂದು ಅವಳು ಎಷ್ಟೋ ಸಲ ನೆನೆಸಿಕೊಂಡಿದ್ದಳು. ಅವರೂ ಹೋದರೇ ಎಂದು ಮಗನನ್ನು ಕೇಳಬೇಕೆನಿಸಿತು. ಹಿಟ್ಟಿನ ಇನ್ನೊಂದು ಉಂಡೆ ಕೈಗೆತ್ತಿಕೊಂಡಳು.

ಗುರುವಾರ ಬೆಳಿಗ್ಗೆ ಎಸ್.ಟಿ.ಡಿ. ಬೂತಿನಿಂದ ದೆಹಲಿಗೆ ಫೋನು ಹೋಯಿತು. ಹೊರಡಬೇಡಿ ಅಂದರು. ಮರುದಿನ ತಂತಿಯೂ ಬಂತು. ಆ ವರ್ಷದ ಉಳಿದ ತಂಡಗಳೆಲ್ಲ ರದ್ದು.

ಆಮೇಲೆ ಜನ ಬರತೊಡಗಿದರು. ಮಂಡಿಯವರು, ನೆಂಟರು, ಮಠದ ಕಡೆಯವರು. ಸತ್ತು ಬದುಕಿ ಬಂದವಳನ್ನು ನೋಡುವಂತೆ ದಾಕ್ಷಾಯಿಣಿಯನ್ನು ನೋಡಿದರು. "ಪುಣ್ಯವಂತೆ. ಎರಡು ತಂಡ ಮುಂಚೆ ಬಂದಿದ್ರೆ ಏನಾಗ್ತಿತ್ತು!" ಅಂದರು. "ಶಿವ ಬ್ಯಾಡ ಅಂದ, ಕಾಪಾಡ್ದ," ಎಂದು ವೀರಮ್ಮ ಮಲಗಿದಲ್ಲಿಂದಲೇ ಎಲ್ಲರಿಗೂ ಹೇಳಿದಳು. ದಾಕ್ಷಾಯಿಣಿ ಅಷ್ಟೂ ಜನಕ್ಕೆ ಟೀ ಮಾಡಿದಳು. ಊಟದ ಹೊತ್ತಿಗೆ ಬಂದವರಿಗೆ ಊಟ. ಅಷ್ಟರಲ್ಲಿ ಗಣೇಶನ ಹಬ್ಬ ಬಂತು. ಕಡುಬು ಕರಿದಳು. ಬಸಲಿಂಗಮ್ಮನಿಗೆ ಬರುವುದು ಬೇಡವೆಂದು ಜಯದೇವಪ್ಪ ಹೇಳಿ ಕಳಿಸಿದ್ದ. ಮನೆ ಮೊದಲಿನಂತಾಯಿತು.

ಜಬೀನ್ ಮಾತ್ರ ಬೇರೆ ರೀತಿ ಬಂದಳು. ಹಿತ್ತಲ ಬಾಗಿಲಿಂದ ಬಂದು, ಪಾತ್ರೆ ತೊಳೆಯುತ್ತಿದ್ದ ದಾಕ್ಷಾಯಿಣಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, "ಬೇಜಾರಾತಾ ಅಕ್ಕ?" ಅಂದಳು.

ದಾಕ್ಷಾಯಿಣಿಗೆ ಅಳು ಬಂತು. ಯಾತಕ್ಕೆ ಎಂದು ಅವಳಿಗೂ ಸರಿಯಾಗಿ ತಿಳಿಯಲಿಲ್ಲ. ಸತ್ತವರಿಗೋ, ತನಗೋ. ಜಬೀನ್ ಅವಳ ಕೈಯಿಂದ ಪಾತ್ರೆ ತೆಗೆದುಕೊಂಡು ತಾನೇ ತೊಳೆದಳು.

"ಅಷ್ಟು ಜನ ಸತ್ತವ್ರೆ," ಅಂದಳು ದಾಕ್ಷಾಯಿಣಿ. "ಅದ್ರಾಗೆ ನಾನು ಹೋಗ್ಲಿಲ್ಲ ಅಂತ ಅಳ್ತಿದೀನಲ್ಲ. ಪಾಪ ಅಲ್ವಾ?"

"ಸುಸ್ತಾದೋರು ಅಳ್ತಾರೆ. ಅದ್ರಲ್ಲಿ ಪಾಪ ಏನೈತೆ."

ಹಬ್ಬ ಮುಗಿದ ಸೋಮವಾರ, ಜಯದೇವಪ್ಪ ಮಂಡಿಗೆ ಹೋದ ಮೇಲೆ, ದಾಕ್ಷಾಯಿಣಿ ಮಹಡಿಗೆ ಹೋಗಿ ಬೆನ್ನ ಚೀಲಕ್ಕೆ ನಾಲ್ಕು ಸೀರೆ, ಒಂದು ಹೊದಿಕೆ ತುಂಬಿದಳು. ಜಬೀನಳನ್ನು ಕರೆದು ಅತ್ತೆಯ ಹತ್ತಿರ ಕೂರಿಸಿದಳು. ಇಬ್ಬರೂ ಹಿಂದಿನ ದಿನವೇ ಮಾತಾಡಿಕೊಂಡಿದ್ದರು.

"ಎಲ್ಲಿಗೇ?" ಅಂದಳು ವೀರಮ್ಮ.

"ಬಿ.ಜಿ. ಕೆರೆಗೆ ಅತ್ತೆ. ಬಸಲಿಂಗಮ್ಮನ್ನ ನೋಡೋಕೆ."

ಅದು ಸುಳ್ಳಲ್ಲ. ಬಿ.ಜಿ. ಕೆರೆಯಲ್ಲಿ ಇಳಿದು ಬಸಲಿಂಗಮ್ಮನ ಮನೆಗೆ ಹೋಗಿ, "ಹೊರಡು," ಅಂದಳು. ಬಸಲಿಂಗಮ್ಮ ಬಾಯಿ ಬಿಟ್ಟು ನೋಡಿದಳು. "ಯಾತ್ರೆ ನಿಂತೋತಲ್ಲೇ?"

"ಯಾತ್ರೆ ನಿಂತೈತೆ. ನಾನು ನಿಂತಿಲ್ಲ. ನಿನಗೆ ಒಂದು ತಿಂಗ್ಳಿಗೆ ಮಾತಾಗೈತೆ. ಹೋಗಿ ಅಡಿಗೆ ಮಾಡು. ಅತ್ತೆಗೆ ಮೆತ್ತಗೆ ಅನ್ನ ಬೇಕು, ಖಾರ ಬ್ಯಾಡ."

ಇಬ್ಬರೂ ರಸ್ತೆಗೆ ಬಂದರು. ಚಳ್ಳಕೆರೆಯ ಬಸ್ಸು ಮೊದಲು ಬಂತು. ಬಸಲಿಂಗಮ್ಮನ ಕೈಗೆ ಒಂದು ಚೀಟಿ ಕೊಟ್ಟು ಹತ್ತಿಸಿದಳು. ಆಮೇಲೆ ರಸ್ತೆ ದಾಟಿ ಆಚೆ ಬದಿಯಲ್ಲಿ ಮೊಳಕಾಲ್ಮುರು ಬಸ್ಸಿಗೆ ಕಾದಳು.

ಚೀಟಿಯಲ್ಲಿ ಬರೆದಿದ್ದು ಇಷ್ಟು: "ಒಂದು ತಿಂಗಳು ನಾನು ಇರುವುದಿಲ್ಲ ಎಂದು ನೀವೇ ಎಲ್ಲ ಏರ್ಪಾಟು ಮಾಡಿದ್ದಿರಿ. ಜಟಿಂಗರಾಮೇಶ್ವರದಲ್ಲಿ ಇರುತ್ತೇನೆ. ಅವ್ವನವರಿಗೆ ಮಾತ್ರೆ ಎರಡು ಹೊತ್ತು."

ಮರುಳಪ್ಪ ಅವಳನ್ನು ಗುರುತಿಸಿದ. ವ್ರತ ಯಾವುದು ಎಂದು ಅವನ ಹೆಂಡತಿ ಪಾಲಮ್ಮ ಕೇಳಿದಾಗ ದಾಕ್ಷಾಯಿಣಿ ತಡವರಿಸಿದಳು. ಪಾಲಮ್ಮ ಪಕ್ಕದ ಕೋಣೆಯ ಬಾಗಿಲು ತೆಗೆದು ಚಾಪೆ ಹಾಸಿದಳು. ಮೊದಲ ಮೂರು ದಿನ ದಾಕ್ಷಾಯಿಣಿ ನಿದ್ದೆ ಮಾಡಿದಳು. ಪಾಲಮ್ಮ ಕರೆದಾಗ ಎದ್ದು ಉಂಡು ಮತ್ತೆ ಮಲಗಿದಳು. ಮೈಯೆಲ್ಲ ನೋವು, ಎಷ್ಟೋ ವರ್ಷದ್ದು ಒಟ್ಟಿಗೆ ಎದ್ದುಬಂದಂತೆ. ನಾಲ್ಕನೇ ದಿನ ಬೆಳಿಗ್ಗೆ ಬೆಟ್ಟ ಹತ್ತಿದಳು. ಆಮೇಲೆ ದಿನಾ ಎರಡು ಸಲ. ಬೆನ್ನ ಮೇಲೆ ಭಾರವಿರಲಿಲ್ಲ. ಗಡಿಯಾರವೂ ಇರಲಿಲ್ಲ. ಮೇಲೆ ಕೂತು ಆಂಧ್ರದ ಕಡೆಯ ಹೊಲಗಳನ್ನು ನೋಡುತ್ತಿದ್ದಳು. ಸುಖ ಅನ್ನಿಸಿತೆಂದೇನೂ ಅಲ್ಲ. ಮನೆಯಲ್ಲಿ ಏನಾಗಿದೆಯೋ ಎಂಬ ಅಳುಕು ಇದ್ದೇ ಇತ್ತು. ಆದರೂ ಎದ್ದು ಹೋಗಲಿಲ್ಲ.

ಒಂಬತ್ತನೇ ದಿನ ಜಯದೇವಪ್ಪ ಬಂದ.

ಮಧ್ಯಾಹ್ನದ ಬಸ್ಸಿಗೆ ಬಂದಿದ್ದ. ಕೈಯಲ್ಲಿ ದ್ರಾಕ್ಷಿಯ ಪೊಟ್ಟಣ. ಒಂಬತ್ತು ದಿನದಲ್ಲಿ ಇಳಿದುಹೋಗಿದ್ದ. ಗಡ್ಡ ತೆಗೆದಿರಲಿಲ್ಲ. ಅವಳು ಬೆಟ್ಟದ ಬುಡದ ಮೆಟ್ಟಿಲ ಮೇಲೆ ಕೂತಿದ್ದಳು. ಅವನು ಎರಡು ಮೆಟ್ಟಿಲು ಕೆಳಗೆ ಕೂತ.

"ಕರಕೊಂಡು ಹೋಗೋಕೆ ಬಂದ್ರಾ?"

"ಇಲ್ಲ," ಅಂದ. "ಅವ್ವ ಬಸಲಿಂಗಮ್ಮನ ಕೈಲಿ ಉಣ್ತಾಳೆ. ಮೊದಲೆರಡು ದಿನ ಗಲಾಟೆ ಮಾಡಿದ್ಲು, ಈಗ ಇಲ್ಲ. ಮಾತ್ರೆ ಸಂಗಮೇಶ ಕೊಡ್ತಾನೆ." ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡ. "ಪೇಪರಿನಾಗೆ ಸತ್ತೋರ ಪಟ್ಟಿ ಬಂದಿತ್ತು. ದಿನಾ ಅದನ್ನ ತೆಗೆದು ನೋಡ್ತಿದೀನಿ. ಗಂಡ ಹೆಂಡ್ತಿ ಇಬ್ರೂ ಹೋಗಿರೋರೂ ಅವ್ರೆ. ಒಬ್ರೇ ಹೋಗಿರೋರೂ ಅವ್ರೆ. ಆ ಕಾಗದಕ್ಕೆ ನಾನೇ ಬೆರಳಿಟ್ಟು ಸಹಿ ಹಾಕ್ಸಿದ್ದು ನಿನ್ನ ಕೈಲಿ."

"ಓದಿಸ್ಕೊಂಡೇ ಹಾಕಿದ್ನಲ್ಲ."

"ಅದಲ್ಲ." ಅವನು ದ್ರಾಕ್ಷಿಯ ಪೊಟ್ಟಣದ ದಾರವನ್ನು ಬಿಚ್ಚುತ್ತ ಕಟ್ಟುತ್ತ ಇದ್ದ. "ನಿನ್ನ ಹೆಸರು ಯಾಕೆ ಬರ್ದೆ ಗೊತ್ತಾ? ಎರಡು ಚೀಟಿ ಇದ್ರೆ ಒಂದಾದ್ರೂ ಬರ್ತೈತೆ, ನಿಂದು ಬಂದ್ರೆ ಗಂಡ ಅಂತ ನನ್ನೂ ಸೇರಿಸ್ಕಳ್ಳಿ ಅಂತ ಕೇಳಬಹುದು ಅಂತ. ಕೇಳ್ದೆ. ಆಗಲ್ಲ ಅಂದ್ರು. ನೀನು ಬರ್ತೀಯೋ ಇಲ್ವೋ ಅಂತ ನಾನು ಯೋಚನೇನೇ ಮಾಡಿರ್ಲಿಲ್ಲ."

"ಗೊತ್ತಿತ್ತು," ಅಂದಳು.

"ಯಾವಾಗಿಂದ?"

"ಕಾಗದ ಬಂದಾಗ ನಿಮ್ಮ ಮುಖ ನೋಡಿದಾಗ್ಲಿಂದ. ಮೊದಲು ಭಾಳ ಸಿಟ್ಟಿತ್ತು. ಆಮೇಲೆ ನಿಮಗಿಂತ ಹೆಚ್ಚಿಗೆ ನನಗೇ ಹೋಗಬೇಕು ಅನ್ನಿಸ್ತು."

ಅವನು ತಲೆ ಎತ್ತಿದ. "ಹೌದಾ? ಒಂದಿನಾನೂ ಹೇಳ್ಲಿಲ್ಲ."

"ಹೇಳಿದ್ರೆ ಅದೂ ನಿಮ್ದಾಗ್ತಿತ್ತು."

ದೂರದಲ್ಲಿ ಯಾರೋ ಎಮ್ಮೆಗೆ ತೆಲುಗಿನಲ್ಲಿ ಬೈಯುತ್ತಿದ್ದರು. ಜಯದೇವಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿ ಹಾಕಿಕೊಂಡ.

"ಮುಂದಿನ ವರ್ಷ ಬಿಡ್ತಾರಂತೋ ಏನೋ," ಅಂದ ಕೊನೆಗೆ. "ನನಗೆ ಹೆದ್ರಿಕೆ ಆಗ್ತೈತೆ. ನೀನು ಹಾಕ್ತೀಯಾ?"

"ಗೊತ್ತಿಲ್ರಿ. ಈಗ ಕೇಳಬ್ಯಾಡ್ರಿ. ಹಾಕಿದ್ರೆ ನಾನೇ ಬರ್ಕೊಂತೀನಿ."

"ಆತು."

ಆ ಒಂದು ಮಾತನ್ನು ಅವನು ಇಷ್ಟು ಮೆತ್ತಗೆ ಅಂದದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಕೆಳಗೆ ಕೂತವನ ಉಸಿರಿನ ಸದ್ದು ದೊಡ್ಡದಾಗಿತ್ತು. ಇವನೂ ದಣಿದಿದ್ದಾನೆ ಎಂದು ಅವಳಿಗೆ ಆಗ ಕಂಡಿತು. ಕನಿಕರವಾಯಿತು. ಆದರೆ ಎದ್ದು ಅವನ ಜೊತೆ ಹೊರಡುವಷ್ಟಲ್ಲ.

"ಕೊನೆ ಬಸ್ಸು ಐದೂವರೆಗೆ," ಅಂದಳು. "ಇನ್ನ ಹೊತ್ತೈತೆ."

"ಆಗೋವಷ್ಟು ಹತ್ತಲಾ?"

"ಡಾಕ್ಟರು?"

"ನಿಧಾನಕ್ಕೆ."

ಅವಳು ಅವನ ಪಕ್ಕದಲ್ಲಿ ನಡೆದಳು. ಹತ್ತು ಮೆಟ್ಟಿಲಿಗೆ ಒಮ್ಮೆ ಅವನು ನಿಂತ, ಅವಳೂ ನಿಂತಳು. ಕೈ ಹಿಡಿದು ಎಳೆಯಲಿಲ್ಲ, ಬಿಟ್ಟು ಮುಂದೆ ಹೋಗಲೂ ಇಲ್ಲ. ನಲವತ್ತು ಮೆಟ್ಟಿಲು ಆದವೋ ಏನೋ. ಒಂದು ಹಾಸುಬಂಡೆಯ ಮೇಲೆ ಅವನು ಕೂತುಬಿಟ್ಟ. ಇಬ್ಬರೂ ದ್ರಾಕ್ಷಿ ತಿಂದರು. ಹುಳಿಯಾಗಿದ್ದವು. ಬಿಸಿಲು ಬಂಡೆಯಿಂದ ಸರಿಯುವವರೆಗೆ ಕೂತಿದ್ದರು.

"ಇನ್ನ ಇಪ್ಪತ್ತೊಂದು ದಿನ," ಅಂದ ಅವನು ಏಳುತ್ತ. ಕೇಳಿದಂತೆಯೂ ಇತ್ತು, ಒಪ್ಪಿದಂತೆಯೂ ಇತ್ತು.

"ಹ್ಞೂಂ."

ಮೇಲಿನಿಂದ ಮರುಳಪ್ಪ ಸಂಜೆ ಪೂಜೆಯ ಗಂಟೆ ಬಾರಿಸಿದ. ಜಯದೇವಪ್ಪ ಮೆಟ್ಟಿಲ ಬದಿಯ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯತೊಡಗಿದ. ಅವನು ರಸ್ತೆ ತಲುಪುವವರೆಗೆ ನೋಡುತ್ತಿದ್ದು, ಆಮೇಲೆ ಅವಳು ಹತ್ತಿದಳು.